ಕಬ್ಬಿಣದ ಗುಡ್ಡ ತೋರಿಸಿದ ಪ್ರಮಥನಾಥ ಬೋಸ್

ಮಕ್ಕಳೇ, ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಕಬ್ಬಿಣದ ಮತ್ತು ಉಕ್ಕಿನ ವಸ್ತುಗಳನ್ನೆಲ್ಲ ಎಣಿಸಿ. ರೊಟ್ಟಿಯ ಹಂಚು, ಈಳಿಗೆ ಮಣೆ, ಕುಡುಗೋಲು, ಗುದ್ದಲಿ, ಬಾಗಿಲ ಚಿಲಕ, ಕಿಟಕಿಯ ಸರಳು, ಸೈಕಲ್ಲು. ಎಣಿಕೆ ಬೇಗ ಮುಗಿಯುವುದಿಲ್ಲ. ತಾರಸಿ ಮನೆಯಾದರೆ ಛಾವಣಿಯ ಒಳಗೂ ಕಬ್ಬಿಣದ ಕಂಬಿಗಳಿವೆ, ಅವು ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಈಗ್ಗೆ ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ನಮ್ಮ ದೇಶದಲ್ಲಿ ಬಳಕೆಯಾಗುತ್ತಿದ್ದ ಉಕ್ಕಿನ ಬಹುಪಾಲು ಹೊರದೇಶಗಳಿಂದ ಹಡಗಿನಲ್ಲಿ ಬರುತ್ತಿತ್ತು. ರೈಲಿನ ಹಳಿ, ಸೇತುವೆಯ ತೊಲೆ, ಯಂತ್ರದ ಭಾಗ ಎಲ್ಲವೂ ಹಾಗೆಯೇ. ನಮ್ಮಲ್ಲಿ ಕಬ್ಬಿಣದ ಅದಿರು ಇರಲಿಲ್ಲವೇ? ಸಂಡೂರು, ಹೊಸಪೇಟೆ ಕಡೆಯ ಮಕ್ಕಳನ್ನು ಹೀಗೆ ಕೇಳಿದರೆ ನಕ್ಕುಬಿಡುತ್ತಾರೆ. ಅಲ್ಲಿಯ ಗುಡ್ಡಗಳೇ ಕೆಂಪು. ಅದಿರು ಬೇಕಾದಷ್ಟಿತ್ತು. ಆದರೆ ಅದು ಎಲ್ಲೆಲ್ಲಿದೆ, ಎಷ್ಟಿದೆ, ಅದರಲ್ಲಿ ಕಬ್ಬಿಣದ ಅಂಶ ಎಷ್ಟು, ಅದನ್ನು ಕರಗಿಸಲು ಬೇಕಾದ ಕಲ್ಲಿದ್ದಲು ಎಷ್ಟು ದೂರ ಎಂಬುದನ್ನು ನಡೆದು, ನೋಡಿ, ಬರೆದು ಹೇಳುವವರು ಬೇಕಿತ್ತು. ಅಂಥವರಲ್ಲಿ ಒಬ್ಬರು ಪ್ರಮಥನಾಥ ಬೋಸ್. ಜಗದೀಶಚಂದ್ರ ಬೋಸ್, ಸತ್ಯೇಂದ್ರನಾಥ ಬೋಸ್ ಅವರ ಹೆಸರನ್ನು ನೀವು ಕೇಳಿರುತ್ತೀರಿ. ಈ ಮೂರನೆಯ ಬೋಸರ ಹೆಸರು ನಮ್ಮ ಕಡೆ ಅಷ್ಟಾಗಿ ಕೇಳಿಬರುವುದಿಲ್ಲ.

ಹಳ್ಳಿಯಿಂದ ಲಂಡನ್ನಿಗೆ

ಪ್ರಮಥನಾಥ ಬೋಸ್ ಹುಟ್ಟಿದ್ದು 1855ರ ಮೇ 12ರಂದು. ಈಗಿನ ಪಶ್ಚಿಮ ಬಂಗಾಳದ ಗೋಬರ್‌ಡಾಂಗಾ ಹತ್ತಿರದ ಗೈಪುರ ಅವರ ಹಳ್ಳಿ. ಕೃಷ್ಣನಗರದಲ್ಲೂ ಕಲ್ಕತ್ತೆಯಲ್ಲೂ ಓದಿದರು. 1874ರಲ್ಲಿ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ಪಡೆದು ಲಂಡನ್ನಿಗೆ ಹೋದರು. ಆಗ ಅವರಿಗೆ 19 ವರ್ಷ. ಅಲ್ಲಿ ವಿಜ್ಞಾನದಲ್ಲಿ ಪದವಿ ಪಡೆದು, ನಂತರ ರಾಯಲ್ ಸ್ಕೂಲ್ ಆಫ್ ಮೈನ್ಸ್ ಎಂಬ ಗಣಿವಿಜ್ಞಾನದ ಶಾಲೆಯಲ್ಲಿ ಭೂವಿಜ್ಞಾನ ಕಲಿತರು.

ಓದಿನ ಜೊತೆಗೆ ಇನ್ನೊಂದು ಕೆಲಸವನ್ನೂ ಅವರು ಮಾಡುತ್ತಿದ್ದರು. ಲಂಡನ್ನಿನಲ್ಲಿದ್ದ ಭಾರತೀಯರ ಸಭೆಗಳಲ್ಲಿ ಬ್ರಿಟಿಷ್ ಆಡಳಿತದ ತಪ್ಪುಗಳ ಬಗ್ಗೆ ಬಹಿರಂಗವಾಗಿ ಮಾತನಾಡುತ್ತಿದ್ದರು. ಈ ಹುಡುಗ ಇಲ್ಲಿದ್ದರೆ ತಲೆನೋವು, ಒಂದು ಕೆಲಸ ಕೊಟ್ಟು ಊರಿಗೆ ಕಳಿಸಿಬಿಡೋಣ ಎಂದು ಸರ್ಕಾರ ಯೋಚಿಸಿತು ಎಂದು ಹೇಳುವವರೂ ಉಂಟು. ಅಂತೂ 1880ರ ಮೇ ತಿಂಗಳಲ್ಲಿ ಬೋಸ್ ಅವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ಸೇರಿದರು. ಕಲ್ಲಿದ್ದಲು ಹುಡುಕುವುದನ್ನೇ ಮುಖ್ಯ ಕೆಲಸವಾಗಿಟ್ಟುಕೊಂಡು 1851ರಲ್ಲಿ ಆರಂಭವಾದ ಸಂಸ್ಥೆ ಅದು. ಕೆಳಗಿನ ಹುದ್ದೆಗಳಲ್ಲಿ ಅದಾಗಲೇ ಕೆಲವು ಭಾರತೀಯರಿದ್ದರು. ಅಧಿಕಾರಿ ದರ್ಜೆಗೆ ಬಂದ ಮೊದಲ ಭಾರತೀಯ ಬೋಸ್.

ಕಲ್ಲು ಓದುವ ಕೆಲಸ

ಆ ಕಾಲದ ಭೂವಿಜ್ಞಾನಿಯ ವರ್ಷ ಎರಡು ಭಾಗವಾಗಿರುತ್ತಿತ್ತು. ಮಳೆ ನಿಂತ ಮೇಲೆ ಗುಡಾರ, ಸುತ್ತಿಗೆ, ದಿಕ್ಸೂಚಿ, ನಕ್ಷೆಗಳೊಂದಿಗೆ ಹೊರಟರೆ ಬೇಸಿಗೆ ಬಲಿಯುವವರೆಗೆ ಕಾಡುಮೇಡು ಸುತ್ತುವುದು. ಮಳೆಗಾಲದಲ್ಲಿ ಕಲ್ಕತ್ತೆಯ ಕಚೇರಿಯಲ್ಲಿ ಕುಳಿತು ವರದಿ ಬರೆಯುವುದು. ಬೋಸ್ ಅವರ ಮೊದಲ ಕೆಲಸ ನರ್ಮದಾ ಕಣಿವೆಯಲ್ಲಿ. ಅಲ್ಲಿ ಬಹು ಹಿಂದೆ ನೆಲ ಬಿರಿದು ಹರಿದ ಲಾವಾ ತಣ್ಣಗಾಗಿ ಉಂಟಾದ ಕಪ್ಪು ಕಲ್ಲಿನ ಪದರಗಳಿವೆ. ನಮ್ಮ ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಕಪ್ಪು ಕಲ್ಲೂ ಅದೇ ಲಾವಾದ ಕುಟುಂಬಕ್ಕೆ ಸೇರಿದ್ದು.

ಕಲ್ಲನ್ನು ಹೇಗೆ ಓದುತ್ತಾರೆ? ಶಾಲೆಗಳಿಗೆ ಹೋಗುವಾಗ ನನ್ನ ಚೀಲದಲ್ಲಿ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಒಂದು ತುಂಡು ಇರುತ್ತದೆ. ಅದನ್ನು ಒಂದು ಕೈಗೆ, ಅಷ್ಟೇ ಗಾತ್ರದ ಸಾಧಾರಣ ಕಲ್ಲನ್ನು ಇನ್ನೊಂದು ಕೈಗೆ ಕೊಟ್ಟರೆ ಸಾಕು, ಮಕ್ಕಳ ಮುಖದಲ್ಲಿ ಆಶ್ಚರ್ಯ ಕಾಣುತ್ತದೆ. ಸಾಧಾರಣ ಗ್ರಾನೈಟ್ ಕಲ್ಲು ಅಷ್ಟೇ ಗಾತ್ರದ ನೀರಿಗಿಂತ ಸುಮಾರು 2.7 ಪಟ್ಟು ಭಾರ. ಹೆಮಟೈಟ್ ಸುಮಾರು 5 ಪಟ್ಟು ಭಾರ. ಇನ್ನೊಂದು ಪರೀಕ್ಷೆಯನ್ನು ನೀವೂ ಮಾಡಬಹುದು. ಒಡೆದ ಬಿಳಿ ಟೈಲ್ಸ್ ಸಿಕ್ಕರೆ ಅದರ ಹೊಳಪಿಲ್ಲದ ಹಿಂಭಾಗದ ಮೇಲೆ ಕಲ್ಲನ್ನು ಒತ್ತಿ ಗೀರಿ. ಹೆಮಟೈಟ್ ಹೊರಗೆ ಕಪ್ಪಾಗಿ ಕಂಡರೂ ಗೆರೆ ಕೆಂಪುಕಂದು ಬಣ್ಣಕ್ಕೆ ಬರುತ್ತದೆ. ಮ್ಯಾಗ್ನಟೈಟ್ ಎಂಬ ಇನ್ನೊಂದು ಕಬ್ಬಿಣದ ಅದಿರಿನ ಗೆರೆ ಕಪ್ಪು, ಅದಕ್ಕೆ ಅಯಸ್ಕಾಂತವೂ ಅಂಟುತ್ತದೆ. ಹೊರಗಿನ ಬಣ್ಣ ಮೋಸ ಮಾಡಬಹುದು, ಗೆರೆಯ ಬಣ್ಣ ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ.

ಇಷ್ಟರಿಂದ ಕಲ್ಲು ಯಾವುದೆಂದು ತಿಳಿಯಿತು. ಅದು ಎಲ್ಲಿಂದ ಬಂತು ಎಂದು ತಿಳಿಯುವುದು ಮುಂದಿನ ಕೆಲಸ. ಹಳ್ಳದಲ್ಲಿ ಭಾರವಾದ ಅದಿರಿನ ಕಲ್ಲೊಂದು ಸಿಕ್ಕಿತು ಎಂದುಕೊಳ್ಳಿ. ನೀರು ಅದನ್ನು ಮೇಲಿನಿಂದ ಉರುಳಿಸಿ ತಂದಿರಬೇಕು. ಆದ್ದರಿಂದ ಭೂವಿಜ್ಞಾನಿ ಹಳ್ಳದ ಮೇಲ್ಮುಖವಾಗಿ ನಡೆಯುತ್ತಾನೆ. ಕಲ್ಲುಗಳು ಹೆಚ್ಚುತ್ತಾ ಹೋಗಿ, ಅವುಗಳ ಅಂಚು ಚೂಪಾಗುತ್ತಾ ಹೋದರೆ ಮೂಲ ಹತ್ತಿರವಾಯಿತು ಎಂದರ್ಥ. ಹೆಚ್ಚು ದೂರ ಉರುಳಿದ ಕಲ್ಲಿನ ಅಂಚು ಸವೆದು ದುಂಡಗಾಗಿರುತ್ತದೆ, ಅಲ್ಲವೇ? ಹೀಗೆ ಹೋಗಿ ಬಂಡೆಯ ಪದರವನ್ನೇ ಕಂಡ ಮೇಲೆ ಅದು ಯಾವ ದಿಕ್ಕಿಗೆ ಚಾಚಿದೆ, ಎಷ್ಟು ಓರೆಯಾಗಿ ನೆಲದೊಳಕ್ಕೆ ಇಳಿದಿದೆ ಎಂದು ಅಳೆದು ನಕ್ಷೆಯಲ್ಲಿ ಗುರುತಿಸಬೇಕು.

ಬೋಸ್ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಲ್ಲಿನ ಒಳಗನ್ನೂ ನೋಡಿದರು. ಕಲ್ಲಿನ ಚೂರನ್ನು ಉಜ್ಜಿ ಉಜ್ಜಿ ಸುಮಾರು 0.03 ಮಿಲಿಮೀಟರ್‌ನಷ್ಟು ತೆಳ್ಳಗೆ ಮಾಡಿದರೆ ಬೆಳಕು ಅದರ ಮೂಲಕ ಹಾಯುತ್ತದೆ. ಆಗ ಸೂಕ್ಷ್ಮದರ್ಶಕದಲ್ಲಿ ಅದರೊಳಗಿನ ಖನಿಜಗಳು ಒಂದೊಂದಾಗಿ ಕಾಣುತ್ತವೆ. ಆಗ ಈ ವಿಧಾನ ನಮ್ಮ ದೇಶಕ್ಕೆ ಹೊಸದು.

ಅವರು ಪರೀಕ್ಷಿಸಿದ್ದು ಕಬ್ಬಿಣ ಒಂದನ್ನೇ ಅಲ್ಲ. ಸಿಕ್ಕಿಂನ ತಾಮ್ರ, ಜಬಲ್ಪುರದ ಮ್ಯಾಂಗನೀಸ್, ಬರ್ಮಾದ ಗ್ರಾನೈಟ್, ಡಾರ್ಜಿಲಿಂಗ್ ತಪ್ಪಲಿನ ಕಲ್ಲಿದ್ದಲು ಎಲ್ಲವೂ ಅವರ ವರದಿಗಳಲ್ಲಿವೆ. ಡಾರ್ಜಿಲಿಂಗ್‌ನ ಕಲ್ಲಿದ್ದಲು ವಿಚಿತ್ರವಾದದ್ದು. ಹಿಮಾಲಯ ಮೇಲೇಳುವಾಗ ಪದರಗಳ ಮಧ್ಯೆ ಸಿಕ್ಕಿ ನುಜ್ಜುಗುಜ್ಜಾಗಿ, ಮುಟ್ಟಿದರೆ ಪುಡಿಯಾಗುವಂತಿರುತ್ತದೆ. ನೆಲದಲ್ಲಿ ಕಲ್ಲಿದ್ದಲು ಇದೆ ಎಂದಷ್ಟೇ ಹೇಳಿದರೆ ಸಾಲದು, ಅದು ಉರಿಸಲು, ಸಾಗಿಸಲು ಯೋಗ್ಯವೇ ಎಂದೂ ಹೇಳಬೇಕು.

ಗುಡ್ಡ ಗೊತ್ತಿದ್ದ ಜನ

1887ರಲ್ಲಿ ಬೋಸ್ ಅವರು ರಾಯಪುರ ಜಿಲ್ಲೆಯ ಪಶ್ಚಿಮ ಭಾಗದ ಕಬ್ಬಿಣದ ಬಗ್ಗೆ ಒಂದು ವರದಿ ಪ್ರಕಟಿಸಿದರು. ಈಗ ಅದು ಛತ್ತೀಸಗಡ ರಾಜ್ಯಕ್ಕೆ ಸೇರಿದೆ. ಧಲ್ಲಿ ಮತ್ತು ರಾಜಹರಾ ಎಂಬ ಗುಡ್ಡಗಳಲ್ಲಿ ಉತ್ತಮ ಅದಿರಿದೆ ಎಂದು ಅವರು ಬರೆದರು. ಅಲ್ಲಿಯ ಜನ ಕಬ್ಬಿಣ ತಯಾರಿಸುವುದೂ ಆ ವರದಿಯ ವಿಷಯವಾಗಿತ್ತು.

ಇದನ್ನು ಸ್ವಲ್ಪ ನಿಂತು ನೋಡೋಣ. ಗುಡ್ಡದಲ್ಲಿ ಕಬ್ಬಿಣವಿದೆ ಎಂಬುದು ಬೋಸ್ ಹೋಗುವ ಮೊದಲೇ ಅಲ್ಲಿಯ ಜನರಿಗೆ ಗೊತ್ತಿತ್ತು. ಮಧ್ಯ ಭಾರತದ ಅಗರಿಯಾ ಜನರಿಗೆ ಅದೇ ಕುಲಕಸುಬು. ಮಣ್ಣಿನಿಂದ ಕಟ್ಟಿದ ಸಣ್ಣ ಕುಲುಮೆಯಲ್ಲಿ ಅದಿರಿನ ಚೂರು ಮತ್ತು ಮರದ ಇದ್ದಿಲನ್ನು ಹಾಕಿ, ಕಾಲಿನಿಂದ ತಿದಿ ಒತ್ತಿ ಗಾಳಿ ಊದುತ್ತಿದ್ದರು. ಇದ್ದಿಲು ಉರಿದು ಬರುವ ಅನಿಲ ಅದಿರಿನಲ್ಲಿರುವ ಆಕ್ಸಿಜನ್ನನ್ನು ಕಿತ್ತುಕೊಳ್ಳುತ್ತದೆ. ಕಿಟ್ಟ ಕರಗಿ ಹೊರಗೆ ಹರಿಯುತ್ತದೆ. ಕೆಳಗೆ ಉಳಿಯುವ ಕಬ್ಬಿಣದ ಮುದ್ದೆಯನ್ನು ಬಡಿದು ಬಡಿದು ಶುದ್ಧಮಾಡಿ ನೇಗಿಲ ಗುಳ, ಕೊಡಲಿ ಮಾಡುತ್ತಿದ್ದರು. ದೊಡ್ಡ ಕಾರ್ಖಾನೆಯ ಊದುಕುಲುಮೆಯಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯೂ ಮೂಲತಃ ಇದೇ. ಆದ್ದರಿಂದ ಪುಸ್ತಕಗಳಲ್ಲಿ ಬೋಸ್ ಅವರು ಅದಿರನ್ನು ಕಂಡುಹಿಡಿದರು ಎಂದು ಓದಿದಾಗ ನನಗೆ ಸ್ವಲ್ಪ ಮುಜುಗರವಾಗುತ್ತದೆ. ಒಂದು ಊರಿಗೆ ಗೊತ್ತಿದ್ದುದನ್ನು ಅವರು ಅಳೆದು, ಪರೀಕ್ಷಿಸಿ, ಇಡೀ ದೇಶಕ್ಕೆ ಗೊತ್ತಾಗುವಂತೆ ನಕ್ಷೆಗೂ ಕಾಗದಕ್ಕೂ ಇಳಿಸಿದರು. ಅದು ಸಣ್ಣ ಕೆಲಸವಲ್ಲ.

ವರದಿಯೇನೋ ಅಚ್ಚಾಯಿತು. ಮುಂದಿನ 16 ವರ್ಷ ಅದನ್ನು ಹಿಡಿದು ಧಲ್ಲಿ ರಾಜಹರಾಕ್ಕೆ ಉಕ್ಕು ಮಾಡಲು ಯಾರೂ ಹೋಗಲಿಲ್ಲ.

1903ರ ಪೆಟ್ಟು

ಅಷ್ಟರಲ್ಲಿ ಬೋಸ್ ಅವರ ಬದುಕಿನಲ್ಲಿ ಒಂದು ಘಟನೆ ನಡೆಯಿತು. 1903ರಲ್ಲಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರ ಹುದ್ದೆ ತೆರವಾಯಿತು. ಬೋಸ್ ಸೇರಿ 23 ವರ್ಷವಾಗಿತ್ತು. ಆದರೆ ಹುದ್ದೆ ಸಿಕ್ಕಿದ್ದು ಥಾಮಸ್ ಹಾಲೆಂಡ್ ಅವರಿಗೆ. ಹಾಲೆಂಡ್ ಸಂಸ್ಥೆಗೆ ಸೇರಿದ್ದು 1890ರಲ್ಲಿ, ಅಂದರೆ ಬೋಸ್ ಅವರಿಗಿಂತ 10 ವರ್ಷ ತಡವಾಗಿ.

ನಿಜ ಹೇಳಬೇಕೆಂದರೆ ಹಾಲೆಂಡ್ ಕೂಡ ದೊಡ್ಡ ವಿಜ್ಞಾನಿಯೇ. ಬಿಳಿಗಿರಿರಂಗನ ಬೆಟ್ಟದಲ್ಲಿ ಸಿಗುವ ಚಾರ್ನೊಕೈಟ್ ಎಂಬ ಕಲ್ಲಿಗೆ ಆ ಹೆಸರಿಟ್ಟವರು ಅವರೇ. ಆದರೆ ಸೇವೆಯಲ್ಲಿ ಹಿರಿಯನಾದ ಭಾರತೀಯನ ಕೈಕೆಳಗೆ ಬ್ರಿಟಿಷ್ ಅಧಿಕಾರಿಗಳು ಕೆಲಸ ಮಾಡುವುದನ್ನು ಆಗಿನ ಸರ್ಕಾರ ಒಪ್ಪುತ್ತಿರಲಿಲ್ಲ. ಬೋಸ್ ಅವರು ಜಗಳಕ್ಕೆ ಹೋಗಲಿಲ್ಲ, ತನಗಿಂತ ಕಿರಿಯರ ಕೈಕೆಳಗೆ ಉಳಿಯಲೂ ಇಲ್ಲ. ಅವಧಿಗೆ ಮೊದಲೇ ನಿವೃತ್ತಿ ಪಡೆದು ಹೊರಬಂದರು. ಆಗ ಅವರಿಗೆ 48 ವರ್ಷ.

ಮಯೂರಭಂಜ ಎಂಬ ಸಂಸ್ಥಾನದ ಮಹಾರಾಜರು ಅವರನ್ನು ತಮ್ಮ ರಾಜ್ಯದ ಭೂವಿಜ್ಞಾನಿಯನ್ನಾಗಿ ಕರೆಸಿಕೊಂಡರು. ಈಗ ಅದು ಒಡಿಶಾದ ಒಂದು ಜಿಲ್ಲೆ. ದಟ್ಟ ಕಾಡು, ಸಂತಾಲ, ಹೋ ಮುಂತಾದ ಆದಿವಾಸಿ ಜನರ ನಾಡು. ಅಲ್ಲಿಯ ಗೋರುಮಹಿಸಾಣಿ ಎಂಬ ಬೆಟ್ಟದಲ್ಲಿ ಬೋಸ್ ಅವರು ಅಪಾರ ಅದಿರನ್ನು ಗುರುತಿಸಿದರು. ಒಡಿಯಾ, ಬಂಗಾಳಿ ಭಾಷೆಗಳಲ್ಲಿ ಗೋರು ಎಂದರೆ ದನ. ಮಹಿಷ ಎಂದರೆ ಏನೆಂದು ಮೈಸೂರಿನ ಕಡೆಯ ಮಕ್ಕಳಿಗೆ ಬೇರೆ ಹೇಳಬೇಕಿಲ್ಲ. ಆ ಬೆಟ್ಟದ ಬಂಡೆಗಳು 300 ಕೋಟಿ ವರ್ಷಗಳಿಗೂ ಹಿಂದಿನವು. ಆಗಿನ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳದಲ್ಲಿ ಪದರ ಪದರವಾಗಿ ಕೂತು, ಕಾಲಾನಂತರ ಕಲ್ಲಾಗಿ, ಮಳೆ ನೀರು ಅದರಲ್ಲಿದ್ದ ಮರಳಿನ ಅಂಶವನ್ನು ತೊಳೆದು ತೆಗೆದು ಅದಿರು ಇನ್ನೂ ಉತ್ತಮವಾಯಿತು. ಸಂಡೂರಿನ ಬೆಟ್ಟಗಳಲ್ಲೂ ಇದೇ ರೀತಿಯ ಪಟ್ಟೆ ಪಟ್ಟೆ ಕಲ್ಲುಗಳಿವೆ.

ನಕ್ಷೆ ಮತ್ತು ಕಾಗದ

ಈಗ ಕಥೆಯ ಇನ್ನೊಂದು ಎಳೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಹೆಸರು ಕೇಳಿದ್ದೀರಲ್ಲ? ಅದರ ಕನಸು ಕಂಡ ಜೆಮ್‌ಷೆಡ್‌ಜಿ ಟಾಟಾ ಅವರಿಗೆ ಇನ್ನೊಂದು ದೊಡ್ಡ ಕನಸಿತ್ತು. ಭಾರತದಲ್ಲೇ ಉಕ್ಕಿನ ಕಾರ್ಖಾನೆ ಕಟ್ಟಬೇಕು ಎಂಬುದು. ಅದಕ್ಕಾಗಿ ಅವರು ಅಮೆರಿಕದಿಂದ ತಜ್ಞರನ್ನು ಕರೆಸಿದ್ದರು. ಚಾಂದಾ ಪ್ರದೇಶದಲ್ಲಿ ಅದಿರು ಹುಡುಕಿದ್ದಾಯಿತು, ಸಾಲದೆನಿಸಿತು. ಟಾಟಾ ಅವರ ಹಿರಿಯ ಮಗ ದೋರಾಬ್‌ಜಿ ಟಾಟಾ, ಇನ್ನು ಕೈಬಿಡುವುದೇ ಸರಿ ಎಂದು ಹೇಳಲು ನಾಗಪುರದ ಸರ್ಕಾರಿ ಕಚೇರಿಗೆ ಹೋದರು. ಭೇಟಿಯಾಗಬೇಕಿದ್ದ ಅಧಿಕಾರಿ ಇರಲಿಲ್ಲ. ಕಾಯುವ ಹೊತ್ತಿನಲ್ಲಿ ಎದುರಿನ ವಸ್ತುಸಂಗ್ರಹಾಲಯದೊಳಗೆ ಕಾಲಿಟ್ಟರು. ಅಲ್ಲಿ ಆ ಪ್ರಾಂತ್ಯದ ಭೂವೈಜ್ಞಾನಿಕ ನಕ್ಷೆ ಇತ್ತು. ಅದರಲ್ಲಿ ಕಬ್ಬಿಣದ ಅದಿರಿನ ಗುರುತಾಗಿ ಗಾಢ ಬಣ್ಣ ಬಳಿದ ಜಾಗವೊಂದು ಕಂಡಿತು. ಬೋಸ್ ಅವರು 1887ರಲ್ಲಿ ಬರೆದಿದ್ದ ಅದೇ ಧಲ್ಲಿ ರಾಜಹರಾ ಗುಡ್ಡಗಳ ಪ್ರದೇಶ ಅದು.

ತಜ್ಞರು ಹೋಗಿ ನೋಡಿದರು. ಅದಿರು ಬಹಳ ಚೆನ್ನಾಗಿತ್ತು. ಆದರೆ ಕಬ್ಬಿಣ ಕರಗಿಸಲು ತಕ್ಕ ಕಲ್ಲಿದ್ದಲು ಹತ್ತಿರದಲ್ಲಿರಲಿಲ್ಲ, ದೊಡ್ಡ ಕಾರ್ಖಾನೆಗೆ ಸಾಕಾಗುವ ನೀರಿನದೂ ಸಮಸ್ಯೆ. ಇಲ್ಲಿ ಒಂದು ಲೆಕ್ಕ ಮಾಡಿ ನೋಡಿ. ಅದಿರಿನಲ್ಲಿ ನೂರಕ್ಕೆ 60 ಭಾಗ ಕಬ್ಬಿಣವಿದ್ದರೆ 1 ಟನ್ ಕಬ್ಬಿಣಕ್ಕೆ ಸುಮಾರು 1.67 ಟನ್ ಅದಿರು ಬೇಕು. ಜೊತೆಗೆ ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿ ತಯಾರಿಸಿದ ಕೋಕ್ ಬೇಕು, ಕಶ್ಮಲವನ್ನು ಕಿಟ್ಟವಾಗಿ ಬೇರ್ಪಡಿಸಲು ಸುಣ್ಣಕಲ್ಲು ಬೇಕು. ಇಷ್ಟೆಲ್ಲವನ್ನೂ ದೂರದಿಂದ ಹೊರಬೇಕಾದರೆ ಉಕ್ಕು ಹೊರದೇಶದ್ದಕ್ಕಿಂತ ದುಬಾರಿಯಾಗುತ್ತದೆ. ಅದಿರಿದ್ದಲ್ಲಿ ಕಾರ್ಖಾನೆ ಕಟ್ಟಿಬಿಡಬಹುದು ಎಂದು ನಾವು ಸುಲಭವಾಗಿ ಹೇಳುತ್ತೇವೆ, ಲೆಕ್ಕ ಹಾಕಿದಾಗ ಕಷ್ಟ ತಿಳಿಯುತ್ತದೆ.

ಆ ಹೊತ್ತಿಗೆ ಇನ್ನೊಂದು ಕಾಗದ ಕೆಲಸಕ್ಕೆ ಬಂತು. 1904ರ ಫೆಬ್ರವರಿ 24ರಂದು ಬೋಸ್ ಅವರು ಜೆಮ್‌ಷೆಡ್‌ಜಿ ಟಾಟಾ ಅವರಿಗೆ ಒಂದು ಪತ್ರ ಬರೆದಿದ್ದರು. ಮಯೂರಭಂಜದ ಬೆಟ್ಟದಲ್ಲಿ ಒಳ್ಳೆಯ ಅದಿರು ಧಾರಾಳವಾಗಿದೆ, ಝರಿಯಾದ ಕಲ್ಲಿದ್ದಲೂ ಅಲ್ಲಿಗೆ ಎಟುಕುವಂತಿದೆ ಎಂಬುದನ್ನು ಅದರಲ್ಲಿ ತಿಳಿಸಿದ್ದರು. ಟಾಟಾ ಅವರು ಅದರ ಫಲ ಕಾಣಲಿಲ್ಲ. ಅದೇ ವರ್ಷ ಮೇ 19ರಂದು ಜರ್ಮನಿಯಲ್ಲಿ ತೀರಿಕೊಂಡರು. ಆದರೆ ಮಕ್ಕಳು ಕೆಲಸ ಬಿಡಲಿಲ್ಲ. ಚಾರ್ಲ್ಸ್ ಪೆರಿನ್, ಸಿ. ಎಂ. ವೆಲ್ಡ್ ಮುಂತಾದ ಅಮೆರಿಕದ ತಜ್ಞರು ಮಯೂರಭಂಜಕ್ಕೆ ಹೋಗಿ ಗೋರುಮಹಿಸಾಣಿಯನ್ನು ಪರೀಕ್ಷಿಸಿದರು. ಬೋಸ್ ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಅದಿರು ಅಗೆಯುವ ಮೊದಲೇ ನೆಲದ ಮೇಲೆ ಹರಡಿಕೊಂಡು ಬಿದ್ದಿತ್ತು.

1907ರಲ್ಲಿ ಟಾಟಾ ಕಬ್ಬಿಣ ಮತ್ತು ಉಕ್ಕಿನ ಕಂಪನಿ ಸ್ಥಾಪನೆಯಾಯಿತು. ಸುವರ್ಣರೇಖಾ ಮತ್ತು ಖರ್ಕಾಯಿ ನದಿಗಳು ಸೇರುವ ಜಾಗದ ಹತ್ತಿರ ಸಾಕ್ಚಿ ಎಂಬ ಹಳ್ಳಿಯನ್ನು ಕಾರ್ಖಾನೆಗೆ ಆರಿಸಿದರು. 1911ರ ಡಿಸೆಂಬರಿನಲ್ಲಿ ಮೊದಲ ಕಬ್ಬಿಣ ಹರಿಯಿತು, 1912ರ ಫೆಬ್ರವರಿಯಲ್ಲಿ ಮೊದಲ ಉಕ್ಕು ಬಂತು. 1919ರಲ್ಲಿ ಆ ಊರಿಗೆ ಜಮ್‌ಷೆಡ್‌ಪುರ ಎಂದು ಹೆಸರಿಟ್ಟರು.

ಕೊನೆಯ ವರ್ಷಗಳು

ಬೋಸ್ ಅವರಿಗೆ ಅದಿರಿನಷ್ಟೇ ಮುಖ್ಯವಾಗಿದ್ದ ಇನ್ನೊಂದು ವಿಷಯ ಶಿಕ್ಷಣ. ನಮ್ಮ ಮಕ್ಕಳು ಕೈಕೆಲಸದ ಜೊತೆಗೆ ವಿಜ್ಞಾನ ಕಲಿಯಬೇಕು ಎಂದು 1886ರಲ್ಲೇ ಒಂದು ಪುಸ್ತಿಕೆ ಬರೆದಿದ್ದರು. ಬರೆದು ಸುಮ್ಮನಾಗದೆ ಸಾಬೂನು ತಯಾರಿಕೆಯ ಕಾರ್ಖಾನೆಯನ್ನೂ ಆರಂಭಿಸಿ ನೋಡಿದರು. 1906ರಲ್ಲಿ ಕಲ್ಕತ್ತೆಯಲ್ಲಿ ಬಂಗಾಳ ತಾಂತ್ರಿಕ ಶಾಲೆ ಆರಂಭವಾದಾಗ ಸಂಬಳವಿಲ್ಲದೆ ಅದರ ಮೊದಲ ಪ್ರಾಂಶುಪಾಲರಾದರು. ಆ ಶಾಲೆಯೇ ಬೆಳೆದು ಇಂದಿನ ಜಾದವ್‌ಪುರ ವಿಶ್ವವಿದ್ಯಾಲಯವಾಯಿತು.

ವಯಸ್ಸಾದ ಮೇಲೆ ಅವರು ರಾಂಚಿಯಲ್ಲಿ ನೆಲೆಸಿದರು. ಅಲ್ಲಿ ಅವರು ಬರೆದ ಪುಸ್ತಕಗಳನ್ನು ಓದಿದರೆ ಆಶ್ಚರ್ಯವಾಗುತ್ತದೆ. ಕಬ್ಬಿಣದ ಗುಡ್ಡ ತೋರಿಸಿದ ಅದೇ ಮನುಷ್ಯ, ಯಂತ್ರಗಳನ್ನೂ ಸಂಪತ್ತನ್ನೂ ಬೆನ್ನಟ್ಟುವ ನಾಗರಿಕತೆಯ ಬಗ್ಗೆ ಸಂದೇಹ ಪಡುತ್ತಾರೆ. ಪಶ್ಚಿಮದ ದಾರಿಯನ್ನು ಹಾಗೆಯೇ ಹಿಡಿಯಬೇಕೇ ಎಂದು ಕೇಳುತ್ತಾರೆ. ಅವರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ಆದರೆ ಅಗೆದ ಗುಡ್ಡ ಮತ್ತೆ ಬೆಳೆಯುವುದಿಲ್ಲ, ಗುಡ್ಡದ ಜೊತೆಗೆ ಕಾಡೂ ಹಳ್ಳವೂ ಹೋಗುತ್ತವೆ, ಅಲ್ಲಿದ್ದ ಜನ ನೆಲೆ ಕಳೆದುಕೊಳ್ಳುತ್ತಾರೆ ಎಂಬುದು ನಮ್ಮ ರಾಜ್ಯಕ್ಕೂ ಗೊತ್ತಿರುವ ಸಂಗತಿ. 2011ರಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದಾಗ ದೊಡ್ಡವರೆಲ್ಲ ಚರ್ಚಿಸಿದ್ದು ಇದನ್ನೇ.

1934ರ ಏಪ್ರಿಲ್ 27ರಂದು ಪ್ರಮಥನಾಥ ಬೋಸ್ ರಾಂಚಿಯಲ್ಲಿ ನಿಧನರಾದರು.

ಧಲ್ಲಿ ರಾಜಹರಾ ಗುಡ್ಡಗಳ ಕಥೆ ಏನಾಯಿತು? ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಭಿಲಾಯಿಯಲ್ಲಿ ಉಕ್ಕಿನ ಕಾರ್ಖಾನೆ ಕಟ್ಟಿತು. 1959ರಲ್ಲಿ ಅದರ ಮೊದಲ ಊದುಕುಲುಮೆ ಹೊತ್ತಿಕೊಂಡಾಗ ಅದಕ್ಕೆ ಬೇಕಾದ ಅದಿರು ಆ ಗುಡ್ಡಗಳಿಂದಲೇ ಬಂತು. ಬೋಸ್ ಅವರು ತೀರಿಕೊಂಡು ಆಗ 25 ವರ್ಷವಾಗಿತ್ತು, ವರದಿ ಬರೆದು 72 ವರ್ಷವಾಗಿತ್ತು.